ಬಾವಿಕಟ್ಟೆಯ ಪಕ್ಕದ ಗಿಡ

ನಿವೃತ್ತನಾದ ಮಾಷ್ಟ್ರಿಗೆ ಎರಡು ಚಟಗಳು ಅಂಟಿಕೊಳ್ಳುತ್ತವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಒಂದು, ಹಿತ್ತಲಲ್ಲಿ ಗಿಡ ನೆಡುವುದು. ಇನ್ನೊಂದು, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು. ಮೊದಲನೆಯದರಿಂದ ಯಾರಿಗೂ ಹಾನಿಯಿಲ್ಲ. ಎರಡನೆಯದರಿಂದ ಆದ ಒಂದು ಹಾನಿಯ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಹಾನಿ ಮಾಡಿದವನು ನಾನೇ ಆದ್ದರಿಂದ ಇದನ್ನು ಬೇರೆ ಯಾರೂ ಬರೆಯಲಾರರು.

ನಾನಿರುವುದು ಉಡುಪಿ ಜಿಲ್ಲೆಯಲ್ಲಿ, ಶಂಕರಪುರಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಕರಾವಳಿಯ ಮದುವೆ ಮನೆಗಳಿಗೆ, ದೈವಸ್ಥಾನ ದೇವಸ್ಥಾನಗಳಿಗೆ, ಮುಂಬಯಿಯಲ್ಲಿರುವ ನಮ್ಮೂರವರ ಸಮಾರಂಭಗಳಿಗೆ ಹೋಗುವ ಮಲ್ಲಿಗೆ ಬೆಳೆಯುವುದು ಈ ಸುತ್ತಿನಲ್ಲಿ. ಇದನ್ನು ದೊಡ್ಡ ತೋಟದ ಬೆಳೆ ಎಂದು ತಿಳಿಯಬಾರದು. ಅಂಗಳದಾಚೆ, ಬಾವಿಯ ನೀರು ಮುಟ್ಟುವಷ್ಟು ದೂರದಲ್ಲಿ, ಇಪ್ಪತ್ತು ಮೂವತ್ತು ಗಿಡ, ಹೆಚ್ಚೆಂದರೆ ನೂರು. ಮನೆಯ ಹೆಂಗಸರು ಬೆಳಕು ಹರಿಯುವಾಗಲೇ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಾರೆ. ಸುಮಾರು 800 ಹೂ ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮದುವೆಗಳಿಲ್ಲದ ಆಟಿ ತಿಂಗಳಲ್ಲಿ ಬಿದ್ದುಹೋಗುವ ದರ, ಮುಹೂರ್ತದ ದಿನಗಳಲ್ಲಿ ಅಟ್ಟೆಗೆ ಸಾವಿರ ರೂಪಾಯಿ ದಾಟುವುದುಂಟು. ಮಕ್ಕಳ ಫೀಸು, ಮುದುಕರ ಮದ್ದು, ಮಾಡಿನ ಹಂಚು ಎಲ್ಲ ಆ ದುಡ್ಡಿನಲ್ಲಿ ನಡೆದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಮ್ಮ ನೆರೆಮನೆ ಅಂಥ ಮನೆ. ಊರಿನವರೆಲ್ಲ ಬಾಯಮ್ಮ ಎಂದು ಕರೆಯುವ ಅವರ ಹಿತ್ತಲಲ್ಲಿ 28 ಮಲ್ಲಿಗೆ ಗಿಡಗಳಿದ್ದವು. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಅವರು ಓದಿಸಿದ್ದು ಈ ಗಿಡಗಳಿಂದಲೇ. ಆ ಇಬ್ಬರೂ ನನ್ನ ತರಗತಿಯಲ್ಲಿ ಕೂತು ಲೆಕ್ಕ ಕಲಿತವರು. ಈ ಸಂಗತಿ ಮುಂದೆ ಬೇಕಾಗುತ್ತದೆ, ಓದುಗರು ನೆನಪಿಟ್ಟುಕೊಳ್ಳಬೇಕು.

ಮೂರು ವರ್ಷಗಳ ಹಿಂದೆ ಎಪ್ರಿಲ್ ತಿಂಗಳು. ಮದುವೆಗಳ ಕಾಲ. ಬಾಯಮ್ಮನ ಗಿಡಗಳಲ್ಲಿ ಮೊಗ್ಗುಗಳು ನೇರಳೆ ಬಣ್ಣಕ್ಕೆ ತಿರುಗಿ ಉದುರತೊಡಗಿದವು. ಮೊಗ್ಗಿನೊಳಗೆ ಸಣ್ಣ ಹುಳ ಹೊಕ್ಕು ತಿನ್ನುವ ಉಪದ್ರವ ಅದು, ಮಲ್ಲಿಗೆಯವರಿಗೆಲ್ಲ ಗೊತ್ತಿರುವಂಥದು. ಬೇಲಿಯ ಆಚೆಯಿಂದ ಅವರು, "ಮಾಷ್ಟ್ರೇ, ಈ ಹುಳಕ್ಕೆ ವಿಷ ಹೊಡೆಯದೆ ಬೇರೆ ಎಂತಾದರೂ ಉಂಟಾ? ಮೊಮ್ಮಗು ಹಿತ್ತಲಲ್ಲೇ ಆಡ್ತದೆ" ಎಂದು ಕೇಳಿದರು. ಆ ಹೊತ್ತಿಗೆ ಸರಿಯಾಗಿ ನನ್ನ ಮೊಬೈಲಿಗೆ ಒಂದು ಮದ್ದು ಬಂದು ಕೂತಿತ್ತು. ಯಾರೋ ಒಬ್ಬರು ಇನ್ಯಾರೋ ಒಬ್ಬರಿಂದ ಪಡೆದು ನನಗೆ ದಾಟಿಸಿದ್ದು. ಬೇವಿನೆಣ್ಣೆ, ಬಟ್ಟೆ ಒಗೆಯುವ ಪುಡಿ, ಅಡುಗೆ ಸೋಡಾ, ಇಂತಿಷ್ಟು ಚಮಚ, ನೀರಿಗೆ ಕಲಸಿ ಹೊಡೆದರೆ ಯಾವ ಹುಳವೂ ಉಳಿಯುವುದಿಲ್ಲ, ಗಿಡಕ್ಕೆ ಏನೂ ಆಗುವುದಿಲ್ಲ, ಸಂಪೂರ್ಣ ಸಾವಯವ. ನಾನು ಅದನ್ನು ಓದಿ ಹೇಳಿದೆ. ಓದಿ ಹೇಳಿದೆ ಎಂದರೂ ಪೂರ್ತಿ ಸರಿಯಲ್ಲ. ಓದಿದ್ದು ಮನಸ್ಸಿನಲ್ಲಿ, ಬಾಯಿಂದ ಹೇಳಿದ್ದು ನನ್ನದೇ ತಿಳಿವಳಿಕೆ ಎಂಬ ಧಾಟಿಯಲ್ಲಿ. "ಬಾಯಮ್ಮ, ಬಹಳ ಸುಲಭ, ಹೀಗೆ ಮಾಡಿ" ಎಂದೆ.

ಮರುದಿನ ಅವರು ಅದನ್ನು ಎಲ್ಲ ಗಿಡಗಳಿಗೂ ಹೊಡೆದರು. ಬೆಳಿಗ್ಗೆ ಹೂ ಕಟ್ಟಿ ಕಳಿಸಿ, ಮನೆಗೆಲಸ ಮುಗಿಸಿ, ಬಿಡುವಾದಾಗ ಹೊಡೆದದ್ದರಿಂದ ಹೊತ್ತು ನೆತ್ತಿಗೇರಿತ್ತು. ಎಣ್ಣೆ ಮತ್ತು ಒಗೆಯುವ ಪುಡಿ ಎಲೆಯ ಮೇಲೆ ಕೂತಿರುವಾಗ ಎಪ್ರಿಲಿನ ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ಒಗೆಯುವ ಪುಡಿ ಬಟ್ಟೆಯ ಜಿಡ್ಡನ್ನು ತೆಗೆಯುವಂತೆಯೇ ಎಲೆಯ ಮೇಲಿನ ತೆಳ್ಳನೆಯ ಮೇಣದ ಹೊದಿಕೆಯನ್ನೂ ಕೆಡಿಸುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೂರನೆಯ ದಿನ ಎಲೆಗಳ ಅಂಚು ಕಂದಾಯಿತು. ಒಂದು ವಾರದಲ್ಲಿ ಚಿಗುರೆಲ್ಲ ಕರಟಿ, ಒಳ್ಳೆಯ ಮೊಗ್ಗುಗಳೂ ಉದುರಿದವು. ಬಾಯಮ್ಮ ಬೇಲಿಯ ಬದಿಗೆ ಬಂದು ಮೆಲ್ಲಗೆ ಹೇಳಿದರು: "ಮಾಷ್ಟ್ರೇ, ನೀವು ಹೇಳಿದ ಮದ್ದು ಬಿಟ್ಟೆ. ಗಿಡಗಳು ಸ್ವಲ್ಪ ಬೇಜಾರು ಮಾಡಿಕೊಂಡ ಹಾಗೆ ಉಂಟು."

ನಾನು ಹೋಗಿ ನೋಡಿದೆ. ಒಂದು ಗಿಡವನ್ನು ಬಿಟ್ಟು ಮತ್ತೊಂದನ್ನು ನೋಡುವ ಧೈರ್ಯ ಬರಲಿಲ್ಲ. ಆ ವರ್ಷದ ಮದುವೆಯ ಹೂ ಅವರಿಗೆ ಸಿಗಲಿಲ್ಲ. ಗಿಡಗಳನ್ನು ಸವರಿ, ಬುಡ ಬಿಡಿಸಿ, ನೆಲಗಡಲೆ ಹಿಂಡಿಯನ್ನು ಸೆಗಣಿ ನೀರಿನಲ್ಲಿ ಕೊಳೆಸಿ ಹೊಯ್ದು, ಅವು ಚಿಗುರಿ ಮತ್ತೆ ಹೂ ಬಿಡುವ ಹೊತ್ತಿಗೆ ಮಳೆ ಹಿಡಿದು ಆಟಿ ಬಂದಿತ್ತು. ಆಟಿಯಲ್ಲಿ ಹೂ ಯಾರಿಗೆ ಬೇಕು? ನಾಲ್ಕು ಗಿಡ ಚಿಗುರಲೇ ಇಲ್ಲ.

ನಾನು ಒಂದು ಲಕೋಟೆಯಲ್ಲಿ ಸ್ವಲ್ಪ ದುಡ್ಡು ಹಾಕಿಕೊಂಡು ಹೋದೆ. ಅವರು ಮುಟ್ಟಲಿಲ್ಲ. "ತಪ್ಪು ನಂದೇ. ನಮ್ಮ ಅತ್ತೆ ಇದ್ದಿದ್ರೆ ಹೀಗೆ ಮಾಡ್ಲಿಕ್ಕೆ ಬಿಡ್ತಿರ್ಲಿಲ್ಲ. ಹೊಸದು ಎಂತದ್ದಾದರೂ ಮೊದಲು ಬಾವಿಕಟ್ಟೆಯ ಪಕ್ಕದ ಆ ಒಂದು ಗಿಡಕ್ಕೆ ಹಾಕಿ, ಎಂಟು ದಿನ ನೋಡಿ, ಮತ್ತೆ ಬಾಕಿಯದಕ್ಕೆ. ನೀವು ಹೇಳಿದ್ದು ಅಂತ ನಾನು ಎಲ್ಲದಕ್ಕೂ ಹೊಡೆದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಬೇಡ ಮಾಷ್ಟ್ರೇ. ಇನ್ನು ಹೇಳುವಾಗ ನೀವು ಮಾಡಿ ನೋಡಿದ್ದೋ, ಕೇಳಿದ್ದೋ ಅಂತ ಒಂದು ಮಾತು ಸೇರಿಸಿ ಹೇಳಿ. ಅಷ್ಟು ಸಾಕು" ಎಂದರು.

ಅಷ್ಟು ಸಾಕು ಎಂದದ್ದು ಅವರ ದೊಡ್ಡತನ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಮಾಡಿದ್ದು ಏನು? ಸುಳ್ಳು ಹೇಳಿದೆನೇ? ಸುಳ್ಳು ಎಂದರೆ ನಿಜವಲ್ಲವೆಂದು ತಿಳಿದೂ ಹೇಳುವುದು. ನಾನು ಆ ಮದ್ದು ಒಳ್ಳೆಯದೆಂದೇ ನಂಬಿದ್ದೆ. ಹಾಗಾದರೆ ನಿಜ ಹೇಳಿದೆನೇ? ಅದೂ ಇಲ್ಲ. ನಿಜವೋ ಸುಳ್ಳೋ ಎಂದು ನೋಡುವ ಗೋಜಿಗೇ ನಾನು ಹೋಗಿರಲಿಲ್ಲ. ಸುಳ್ಳು ಹೇಳುವವನಿಗಾದರೂ ನಿಜ ಯಾವುದೆಂಬ ಚಿಂತೆ ಇರುತ್ತದೆ, ಅದನ್ನು ಮುಚ್ಚಬೇಕಲ್ಲ! ನನಗೆ ಆ ಚಿಂತೆಯೂ ಇರಲಿಲ್ಲ. ನನಗಿದ್ದದ್ದು ಕೇಳಿದ ಕೂಡಲೇ ಉತ್ತರ ಕೊಡಬೇಕೆಂಬ ಚಪಲ ಒಂದೇ. ಈ ಜಾತಿಯ ಮಾತಿಗೆ ನಮ್ಮ ನೀತಿಪಾಠಗಳಲ್ಲಿ ಹೆಸರಿಲ್ಲ. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು 32 ವರ್ಷ ಹೇಳಿಕೊಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿರುವ ದನಿಯಲ್ಲಿ ಹೇಳಬೇಡಿ ಎಂದು ಒಂದು ದಿನವೂ ಹೇಳಿಕೊಡಲಿಲ್ಲ.

ಇನ್ನೂ ಒಂದು ವಿಷಯ ಯೋಚಿಸಿದಷ್ಟೂ ಚುಚ್ಚುತ್ತದೆ. ಬಾಯಮ್ಮ ನಂಬಿದ್ದು ಆ ಮದ್ದನ್ನಲ್ಲ, ನನ್ನನ್ನು. ಅವರ ಮಕ್ಕಳಿಗೆ ನಾನು ಲೆಕ್ಕವನ್ನು ಸರಿಯಾಗಿ ಕಲಿಸಿದ್ದೆ. ಮಕ್ಕಳು ಪಾಸಾಗಿ ಒಳ್ಳೆಯ ಕೆಲಸ ಹಿಡಿದರು. ಹಾಗೆ ಲೆಕ್ಕದಲ್ಲಿ ಗಳಿಸಿದ ನಂಬಿಕೆಯನ್ನು ನಾನು ಗಿಡದ ವಿಷಯದಲ್ಲಿ ಖರ್ಚು ಮಾಡಿದೆ. ಬ್ಯಾಂಕಿನಲ್ಲಿ ಒಬ್ಬರ ಖಾತೆಯಿಂದ ಇನ್ನೊಂದಕ್ಕೆ ಹಣ ದಾಟಿಸಬೇಕಾದರೆ ಸಹಿ ಬೇಕು. ನಂಬಿಕೆಯನ್ನು ದಾಟಿಸಲಿಕ್ಕೆ ಯಾರ ಸಹಿಯೂ ಬೇಡ. ಮೊಬೈಲಿನಲ್ಲಿ ಬಂದ, ಹೆತ್ತವರಾರೆಂದು ಗೊತ್ತಿಲ್ಲದ ಆ ಸಂದೇಶ ನೇರವಾಗಿ ಬಾಯಮ್ಮನ ಕೈಗೆ ಸಿಕ್ಕಿದ್ದರೆ ಅವರು ಮೊದಲು ಬಾವಿಕಟ್ಟೆಯ ಗಿಡಕ್ಕೆ ಹಾಕಿ ನೋಡುತ್ತಿದ್ದರು. ನನ್ನ ಬಾಯಿಯ ಮೂಲಕ ಹಾದು ಹೋದದ್ದರಿಂದ ಅವರ ಅತ್ತೆಯ ಎಚ್ಚರವೂ ಕೆಲಸಕ್ಕೆ ಬಾರದೆ ಹೋಯಿತು.

ಈಗ ಎಲ್ಲರೂ ಮೊಬೈಲನ್ನು ದೂರುತ್ತಾರೆ. ನಾನೂ ಸ್ವಲ್ಪ ದಿನ ದೂರಿದೆ. ಹಿತ್ತಲಿನ ಗಿಡಕ್ಕೆ ಏನಾದರೂ ಆಯಿತೆಂದು ಅದರಲ್ಲಿ ಹುಡುಕಿದರೆ ನೂರು ಮಂದಿ ನೂರು ಮದ್ದು ಹೇಳುತ್ತಾರೆ. ಮೊಟ್ಟೆಯ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ, ಚಹಾ ಪುಡಿ, ಅಕ್ಕಿ ತೊಳೆದ ನೀರು. ಒಂದೇ ವಾರದಲ್ಲಿ ಹೂ, ಹತ್ತೇ ದಿನದಲ್ಲಿ ಕಾಯಿ. ಅವರಲ್ಲಿ ಅನೇಕರಿಗೆ ನೋಡುವವರ ಸಂಖ್ಯೆಯ ಮೇಲೆ ದುಡ್ಡು ಬರುತ್ತದೆ. ನೋಡಿದವರ ಗಿಡ ಬದುಕಿತೋ ಸತ್ತಿತೋ ಎಂಬುದರ ಮೇಲೆ ಬರುವುದಿಲ್ಲ. ಇದು ನಿಜ. ಆದರೆ ಅದೇ ಯಂತ್ರದಲ್ಲಿ ಕೃಷಿ ವಿಶ್ವವಿದ್ಯಾಲಯಗಳು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥವು ತಯಾರಿಸಿದ ಮಾಹಿತಿಯೂ ಸಿಗುತ್ತದೆ. ಅದರಲ್ಲಿ ಬಣ್ಣವಿಲ್ಲ, ಹಾಡಿಲ್ಲ. ಎಷ್ಟು ಪ್ರಮಾಣ, ಯಾವ ಕಾಲ, ಯಾವ ರೋಗಕ್ಕೆ ಎಂಬುದಿದೆ. ಹಾಗೆ ನೋಡಿದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವೂ ನಮಗೆ ದೂರವೇನಲ್ಲ. ಒಂದು ಗೆಲ್ಲು ಮುರಿದುಕೊಂಡು ಬಸ್ಸು ಹತ್ತಿ ಹೋಗಿ ಕೇಳಿ ಬರಬಹುದಿತ್ತು. ಅರ್ಧ ದಿನದ ಕೆಲಸ. ಮೊಬೈಲು ನನ್ನ ಆ ಅರ್ಧ ದಿನವನ್ನು ಉಳಿಸಿತು. ಬಾಯಮ್ಮನ ಒಂದು ಹಂಗಾಮನ್ನು ಕಳೆಯಿತು.

ಹಿಂದಿನ ಕಾಲದಲ್ಲಿ ಎಲ್ಲ ಸರಿಯಿತ್ತು ಎಂದೂ ನಾನು ಹೇಳಲಾರೆ. ನಮ್ಮ ತಾಯಿಯ ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಹತ್ತಿದಾಗ ಅವರು, ನೆರೆಯವರ ಕಣ್ಣು ತಾಗಿತು ಎಂದು ಸುಣ್ಣದ ಬೊಟ್ಟಿಟ್ಟ ಒಡಕು ಮಡಕೆಯನ್ನು ತೂಗಹಾಕಿದ್ದರು. ಗಿಡದ ಮೇಲೆ ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳನ್ನು ಯಾರೂ ಗಮನಿಸಲಿಲ್ಲ. ಆ ಹುಳ ಬಿಡುವ ಸಿಹಿ ರಸದ ಆಸೆಗೆ ಇರುವೆಗಳು ಅವನ್ನು ಕಾಯುತ್ತವೆ. ಹಿಟ್ಟು ಹತ್ತಿದ ಗೆಲ್ಲನ್ನು ಕತ್ತರಿಸಿ, ಉಳಿದದ್ದನ್ನು ನೀರಿನ ರಭಸಕ್ಕೆ ತೊಳೆದು, ಇರುವೆಯ ದಾರಿ ತಪ್ಪಿಸಿದ್ದರೆ ಗಿಡ ಉಳಿಯುತ್ತಿತ್ತೇನೋ. ಗಿಡ ಸತ್ತಿತು, ಅದಕ್ಕಿಂತ ಹೆಚ್ಚಾಗಿ ನೆರೆಯವರೊಡನೆ ಎರಡು ವರ್ಷ ಮಾತು ಸತ್ತಿತ್ತು. ತಪ್ಪು ಮಾಹಿತಿ ಗಿಡವನ್ನು ಮಾತ್ರ ಕೊಲ್ಲುವುದಿಲ್ಲ.

ಅಂದಮೇಲೆ ಮಾತು ಹಳೆಯದೋ ಹೊಸದೋ, ಅಜ್ಜಿಯ ಬಾಯಿಯಿಂದ ಬಂತೋ ಮೊಬೈಲಿನಿಂದ ಬಂತೋ ಎಂಬುದರಿಂದ ಅದರ ನಂಬಿಕೆ ಗೊತ್ತಾಗುವುದಿಲ್ಲ. ಮತ್ತೆ ಯಾವುದರಿಂದ ಗೊತ್ತಾಗುತ್ತದೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ನನ್ನ ತಂದೆಯ ಕತ್ತಿ.

ನಮ್ಮ ಮೂಲ ಮನೆ ಕಾರ್ಕಳದ ಕಡೆ, ಸಣ್ಣ ಅಡಿಕೆ ತೋಟ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಮಹಾಳಿಗೆ, ಬೋರ್ಡೋ ದ್ರಾವಣ ಹೊಡೆಯುವುದು ಈಗಲೂ ನಡೆದಿದೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಬೇರೆಯೇ ಪಾತ್ರೆಯಲ್ಲಿ ಇನ್ನೊಂದು 50 ಲೀಟರಿನಲ್ಲಿ ಕಲಸಬೇಕು. ಪಾತ್ರೆ ಕಬ್ಬಿಣದ್ದಾಗಬಾರದು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಆಕಾಶದ ಬಣ್ಣ ಬರುತ್ತದೆ. ಅದನ್ನು ಆ ದಿನವೇ ಹೊಡೆದು ಮುಗಿಸಬೇಕು. ಇಷ್ಟಾದ ಮೇಲೆ ತಂದೆಯವರು ಒಂದು ಕತ್ತಿಯನ್ನು ಉಜ್ಜಿ ಹೊಳೆಯುವಂತೆ ಮಾಡಿ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಇಡುತ್ತಿದ್ದರು. ಹೊರಗೆ ತೆಗೆದಾಗ ಅಲಗಿಗೆ ಕೆಂಪು ಬಣ್ಣ ಹತ್ತಿದ್ದರೆ ತಾಮ್ರ ಹೆಚ್ಚಾಗಿದೆ, ಹಾಗೇ ಹೊಡೆದರೆ ಮರಕ್ಕೆ ಕೇಡು; ಇನ್ನಷ್ಟು ಸುಣ್ಣ ಸೇರಿಸಬೇಕು. ಹತ್ತದಿದ್ದರೆ ಸರಿಯಾಗಿದೆ. ನಾನು ಹುಡುಗನಾಗಿದ್ದಾಗ ಒಮ್ಮೆ, "ಸರಿಯಾಯ್ತಾ ಅಪ್ಪಯ್ಯ?" ಎಂದು ಕೇಳಿದ್ದಕ್ಕೆ, "ನನ್ನನ್ನು ಕೇಳಬೇಡ, ಕತ್ತಿಯನ್ನು ಕೇಳು" ಎಂದಿದ್ದರು.

ಆಗ ಅದು ತಮಾಷೆಯಂತೆ ಕೇಳಿಸಿತ್ತು. ಈಗ ಅದರಲ್ಲಿ ನನಗೆ ಬೇಕಾದ ಉತ್ತರ ಕಾಣುತ್ತದೆ. ಬೋರ್ಡೋ ದ್ರಾವಣವನ್ನು ಕಂಡುಹಿಡಿದವರು ನಮ್ಮ ತಂದೆಯವರಲ್ಲ. ಅದೂ ಕೇಳಿದ ಮದ್ದೇ, ಅದೂ ಬಹಳ ದೂರದಿಂದ ಬಂದದ್ದು. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರಂತೆ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಅದನ್ನು ನೋಡಿದ. ಸುತ್ತಲಿನ ಬಳ್ಳಿಗಳೆಲ್ಲ ಬೂಜುರೋಗದಿಂದ ಎಲೆ ಉದುರಿಸಿ ನಿಂತಿದ್ದರೆ ಈ ದಾರಿಯಂಚಿನವು ಮಾತ್ರ ಹಸಿರಾಗಿದ್ದವು. ಅಷ್ಟು ಕಂಡದ್ದೇ ಅವನು ಊರೆಲ್ಲ ಸಾರಬಹುದಿತ್ತು. ಸಾರಲಿಲ್ಲ. ಪ್ರಮಾಣ ಬದಲಿಸಿ ಬದಲಿಸಿ ಪ್ರಯೋಗ ಮಾಡಿ, ಗುಣ ಖಚಿತವಾದ ಮೇಲೆ 1885ರಲ್ಲಿ ಪ್ರಕಟಿಸಿದ. ಕಂಡದ್ದಕ್ಕೂ ಹೇಳಿದ್ದಕ್ಕೂ ನಡುವೆ ಮೂರು ವರ್ಷ. ನಾನು ಓದಿದ್ದಕ್ಕೂ ಬಾಯಮ್ಮನಿಗೆ ಹೇಳಿದ್ದಕ್ಕೂ ನಡುವೆ ಮೂರು ನಿಮಿಷವೂ ಇರಲಿಲ್ಲ.

ಆ ಮದ್ದು ನಮ್ಮ ಅಡಿಕೆಗೆ ಬಂದ ಬಗೆಯೂ ಹಾಗೆಯೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ, ಈ ದ್ರಾವಣವನ್ನು ಅಡಿಕೆಗೊನೆಯ ಮೇಲೆ ಹೊಡೆಸಿ ತೋರಿಸಿದರು. ದ್ರಾಕ್ಷಿಗೆ ಆದದ್ದು ಅಡಿಕೆಗೂ ಆಗುತ್ತದೆಂದು ಕಚೇರಿಯಲ್ಲಿ ಕೂತು ಆಜ್ಞೆ ಹೊರಡಿಸಿದರೆ ಯಾರೂ ಕೇಳುತ್ತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅದಕ್ಕೂ ಮೊದಲು ಮಲೆನಾಡಿನ ಹಿರಿಯರು ಮಳೆಯ ನೀರು ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ರೋಗ ಹಬ್ಬುವುದು ಮಳೆಯಲ್ಲಿ ಎಂಬುದನ್ನು ಅವರೂ ಕಣ್ಣಿಂದ ಕಂಡು ಕಂಡುಕೊಂಡಿದ್ದರು. ಹೀಗೆ ಹಳಬರು ಒಂದು ಕಡೆಯಿಂದ, ಹೊಸಬರು ಇನ್ನೊಂದು ಕಡೆಯಿಂದ ಬಂದು ಅದೇ ಮರದ ಕೆಳಗೆ ನಿಂತು ನೋಡಿದ್ದರಿಂದ ಆ ವಿದ್ಯೆ ಒಂದು ಶತಮಾನ ಬಾಳಿತು.

ಕೇಳಿದ್ದನ್ನು ಹೇಳಲೇಬಾರದು ಎಂಬ ನಿಯಮ ಮಾಡಿಕೊಂಡರೆ ಲೋಕ ನಡೆಯುವುದಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಸುತ್ತುವುದನ್ನು ಕಂಡು ಅಲ್ಲ. ತಂದೆಯವರೂ ಮಿಲಾರ್ಡೆಯ ತೋಟ ಕಂಡವರಲ್ಲ. ಆದರೆ ಅವರಿಗೆ ಆ ಮದ್ದನ್ನು ಕೊಟ್ಟವರು ಮದ್ದಿನ ಜೊತೆಗೆ ಕತ್ತಿಯನ್ನೂ ಕೊಟ್ಟಿದ್ದರು. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ನೀನೇ ನೋಡಿಕೊಳ್ಳುವ ಬಗೆ ಇದು, ತಪ್ಪಾಗಿದ್ದರೆ ತಿದ್ದಿಕೊಳ್ಳುವ ಬಗೆ ಇದು ಎಂದು ಹೇಳಿಕೊಟ್ಟಿದ್ದರು. ಎರವಲು ಮಾತನ್ನು ಪ್ರಾಮಾಣಿಕವಾಗಿ ದಾಟಿಸುವ ದಾರಿ ಇದೊಂದೇ ಎಂದು ನನಗೆ ತೋರುತ್ತದೆ. ನನ್ನ ಮೊಬೈಲಿನ ಮದ್ದಿನಲ್ಲಿ ಚಮಚದ ಲೆಕ್ಕವಿತ್ತು, ಕತ್ತಿ ಇರಲಿಲ್ಲ. ಎಷ್ಟು ಹೊತ್ತಿಗೆ ಹೊಡೆಯಬೇಕು, ಯಾವ ಗಿಡಕ್ಕೆ ಆಗದು, ಎಲೆ ಕಂದಾದರೆ ಏನು ಮಾಡಬೇಕು ಎಂಬ ಒಂದು ಸಾಲೂ ಇರಲಿಲ್ಲ. ಗಿಡಕ್ಕೆ ಏನೂ ಆಗುವುದಿಲ್ಲ ಎಂಬ ಭರವಸೆ ಮಾತ್ರ ಇತ್ತು. ಎಲ್ಲ ಗಿಡಕ್ಕೂ, ಎಲ್ಲ ಊರಲ್ಲೂ, ಎಲ್ಲ ಕಾಲಕ್ಕೂ ಆಗುತ್ತದೆ ಎನ್ನುವ ಮಾತು ಕೇಳಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಊರು ಬದಲಾದರೆ ನಿಜವೂ ಬದಲಾಗುತ್ತದೆ ಎಂಬುದಕ್ಕೆ ಇನ್ನೊಂದು ಪ್ರಸಂಗ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಕೆಲವು ವರ್ಷ ನನ್ನ ಜೊತೆಗಿದ್ದ ಸಹೋದ್ಯೋಗಿಯೊಬ್ಬರು ನಿವೃತ್ತರಾದ ಮೇಲೆ ತಮ್ಮೂರಾದ ಇಂಡಿ ತಾಲೂಕಿಗೆ ಹೋಗಿ ನೆಲೆಸಿದರು. ಅದು ನಿಂಬೆಗೆ ಹೆಸರಾದ ಸೀಮೆ. ತಮ್ಮ ಹಿತ್ತಲಿನ ನಿಂಬೆಗಿಡದ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದೆ ಎಂದು ಅವರು ಫೋನಿನಲ್ಲಿ ಹೇಳಿದಾಗ ನಾನು, "ಒಲೆಯ ಬೂದಿ ಹಾಕಿ ನೋಡಿ, ನಮ್ಮಲ್ಲಿ ಎಲ್ಲದಕ್ಕೂ ಹಾಕುತ್ತೇವೆ" ಎಂದುಬಿಟ್ಟೆ. ಅವರು ನಕ್ಕು, "ಸರ, ನಿಮ್ಮ ಮಣ್ಣು ಹುಳಿ ಮಣ್ಣು. ಬೂದಿ ಹಾಕಿದ್ರ ಅದಕ್ಕ ಛಲೋ ಆಗ್ತೈತಿ. ನಮ್ಮ ಕರಿ ಮಣ್ಣಾಗ ಸುಣ್ಣ ಮೊದಲ ಜಾಸ್ತಿ ಐತ್ರಿ, ಬೂದಿ ಹಾಕಿದ್ರ ಗಿಡಕ್ಕ ಇನ್ನಷ್ಟು ಜಡ್ಡು" ಎಂದರು. ನಮ್ಮ ಮುರಕಲ್ಲಿನ ಕೆಂಪು ನೆಲದಲ್ಲಿ ಜಡಿಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗುತ್ತದೆ. ಅವರ ನೆಲದಲ್ಲಿ ಮಳೆ ಕಡಿಮೆ, ಸುಣ್ಣ ಅಲ್ಲೇ ಉಳಿಯುತ್ತದೆ; ಅದು ಹೆಚ್ಚಾದಾಗ ಗಿಡಕ್ಕೆ ಮಣ್ಣಿನಲ್ಲಿರುವ ಕಬ್ಬಿಣ, ಸತುವು ದಕ್ಕುವುದಿಲ್ಲ. ಬೂದಿ ಒಳ್ಳೆಯದು ಎಂಬ ನನ್ನ ವಾಕ್ಯ ನನ್ನ ಹಿತ್ತಲಲ್ಲಿ ನಿಜ, ಇಂಡಿಯಲ್ಲಿ ಸುಳ್ಳು. ಅದೂ ನಾನೇ ಮಾಡಿ ನೋಡಿದ್ದು, ಕೇಳಿದ್ದಲ್ಲ. ಅಂದರೆ ಸ್ವಂತ ಅನುಭವಕ್ಕೂ ಒಂದು ಬೇಲಿ ಇದೆ. ಹೇಳುವಾಗ ಆ ಬೇಲಿ ಎಲ್ಲಿದೆ ಎಂಬುದನ್ನೂ ತೋರಿಸಬೇಕು.

1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಹೊರಡತೊಡಗಿದಾಗ ಕೃಷಿಕರ ಕೈಗೆ ಲೇಖನಿ ಎಂಬ ಮಾತನ್ನು ಅದು ಎತ್ತಿ ಹಿಡಿಯಿತು. ಬೇಸಾಯ ಮಾಡುವವರೇ ಬೇಸಾಯದ ಬಗ್ಗೆ ಬರೆಯಬೇಕು ಎಂಬ ಹಟ ಅದರದು. ಭಾಷೆ ಚಂದವಾಗದಿದ್ದರೆ ತಿದ್ದಬಹುದು, ಅನುಭವವಿಲ್ಲದಿದ್ದರೆ ಯಾರು ತಿದ್ದುವುದು? ಹಾಗೆ ಬರೆದವನು ಎಲ್ಲೋ ಒಂದು ಊರಿನಲ್ಲಿ ಇರುತ್ತಾನೆ. ಓದಿದವನು ಬಸ್ಸು ಹತ್ತಿ ಹೋಗಿ, ಎಲ್ಲಿ ನಿನ್ನ ಗಿಡ ತೋರಿಸು ಎನ್ನಬಹುದು. ಬರೆಯುವಾಗ ಆ ಹೆದರಿಕೆ ಇರುವುದು ಒಳ್ಳೆಯದು. ಮಾತಿಗೆ ವಿಳಾಸವಿದ್ದರೆ ಅದಕ್ಕೆ ತೂಕ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಂಬುವವರ ಮೇಲೂ ಸ್ವಲ್ಪ ಹೊಣೆ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಬಾಯಮ್ಮನೇ ಅದನ್ನು ಒಪ್ಪಿಕೊಂಡರು. ಆದರೆ ಅವರು ಒಪ್ಪಿಕೊಂಡದ್ದರಿಂದ ನನ್ನ ಹೊಣೆ ಕಡಿಮೆಯಾಗಲಿಲ್ಲ. ಹೇಳುವವನು ಕೇಳುವವರ ಎಚ್ಚರವನ್ನು ನಂಬಿ ಸಡಿಲಾಗಿ ಮಾತಾಡುವುದು, ಕೇಳುವವರು ಹೇಳುವವನ ಮರ್ಯಾದೆಯನ್ನು ನಂಬಿ ಎಚ್ಚರ ಬಿಡುವುದು, ಎರಡೂ ಒಟ್ಟಿಗೆ ನಡೆದಾಗ ನಡುವೆ ಬಡವಾಗುವುದು ಗಿಡ. ಅದಕ್ಕೆ ಬಾಯಿಲ್ಲ. ಅದು ಯಾರ ಮೇಲೂ ದೂರು ಹೇಳುವುದಿಲ್ಲ.

ಆ ಬಾವಿಕಟ್ಟೆಯ ಗಿಡದ ಬಗ್ಗೆ ನನಗೆ ಒಂದು ತಪ್ಪು ಕಲ್ಪನೆಯಿತ್ತು. ಹಾಳಾದರೂ ಪರವಾಗಿಲ್ಲ ಎಂಬ ಒಂದು ಬಡಕಲು ಗಿಡವನ್ನು ಪ್ರಯೋಗಕ್ಕೆ ಇಟ್ಟಿರುತ್ತಾರೆ ಎಂದುಕೊಂಡಿದ್ದೆ. ಕೇಳಿದಾಗ ಬಾಯಮ್ಮ, "ಹಾಗೆ ಅಲ್ಲ ಮಾಷ್ಟ್ರೇ. ಬಡ ಗಿಡಕ್ಕೆ ಹಾಕಿದರೆ ಮದ್ದಿನಿಂದ ಬಾಡಿತೋ ಮೊದಲೇ ಬಾಡಿತ್ತೋ ಹೇಗೆ ಗೊತ್ತಾಗುವುದು? ಅದು ಒಳ್ಳೆಯ ಗಿಡವೇ ಆಗಬೇಕು. ನೀರಿಗೆ ಹೋಗುವಾಗ ಬರುವಾಗ ದಿನಾ ಕಣ್ಣಿಗೆ ಬೀಳಬೇಕು. ನಮ್ಮ ಅತ್ತೆ ಹಿಂಡಿ ನೀರು ಹಾಕುವಾಗ ಮೊದಲ ಚೆಂಬು ಅದಕ್ಕೇ ಹಾಕ್ತಿದ್ರು, ಎಲ್ಲರಿಗೋಸ್ಕರ ಅದು ತಡೆದುಕೊಳ್ತದಲ್ಲ ಅಂತ" ಎಂದರು. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸಿಗೆ ಪರೀಕ್ಷೆ ಎಂದರೆ ಏನು ಎಂಬುದೂ ಗೊತ್ತಿತ್ತು, ಪರೀಕ್ಷೆಯ ಕಷ್ಟ ಪಡುವವರಿಗೆ ನಾವು ಋಣಿಗಳು ಎಂಬುದೂ ಗೊತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಬಾಯಮ್ಮ ಸತ್ತ ನಾಲ್ಕು ಗಿಡಗಳ ಜಾಗದಲ್ಲಿ ಹೊಸ ಗೆಲ್ಲು ನೆಟ್ಟರು. ಬೇರು ಬಂದ ಇನ್ನೊಂದು ಗೆಲ್ಲನ್ನು ನನಗೆ ಕೊಟ್ಟರು. ಅದನ್ನು ನಾನು ನಮ್ಮ ಬಾವಿಕಟ್ಟೆಯ ಪಕ್ಕದಲ್ಲಿ ನೆಟ್ಟಿದ್ದೇನೆ. ನನ್ನ ಮೊಬೈಲಿಗೆ ಮದ್ದುಗಳು ಬರುವುದು ನಿಂತಿಲ್ಲ. ಕೆಲವನ್ನು ಆ ಗಿಡಕ್ಕೆ ಹಾಕಿ ನೋಡುತ್ತೇನೆ. ಒಂದು ಹಳೆಯ ಡೈರಿಯಲ್ಲಿ ತಾರೀಕು, ಪ್ರಮಾಣ, ಬಿಸಿಲೋ ಮೋಡವೋ ಎಂದು ಬರೆದಿಡುತ್ತೇನೆ. ಹೆಚ್ಚಿನ ಪುಟಗಳಲ್ಲಿ ಇರುವುದು 'ಏನೂ ವ್ಯತ್ಯಾಸವಿಲ್ಲ' ಎಂಬ ಒಂದೇ ಸಾಲು. ಯಾರಿಗೂ ದಾಟಿಸಲಿಕ್ಕೆ ಅದು ಅಷ್ಟೇನೂ ಉತ್ಸಾಹದ ಸುದ್ದಿಯಲ್ಲ.

ಮೊನ್ನೆ ಬಾಯಮ್ಮನ ಸೊಸೆ ಬೇಲಿಯ ಬದಿಗೆ ಬಂದು, ಬಸಳೆಯ ಎಲೆಯಲ್ಲೆಲ್ಲ ಕೆಂಪು ಚುಕ್ಕೆ ಬಿದ್ದಿದೆ, ಏನು ಮಾಡುವುದು ಎಂದು ಕೇಳಿದಳು. ಉತ್ತರ ನಾಲಗೆಯ ತುದಿಗೆ ಬಂದೇ ಬಂತು. 32 ವರ್ಷದ ಅಭ್ಯಾಸ, ಸುಲಭವಾಗಿ ಹೋಗುವುದಿಲ್ಲ. ಅದನ್ನು ನುಂಗಿಕೊಂಡು, "ನನಗೆ ಗೊತ್ತಿಲ್ಲ ಮಗಾ. ಒಂದು ಎಲೆ ಕಿತ್ತು ಕೊಡು. ನಾಳೆ ಬ್ರಹ್ಮಾವರಕ್ಕೆ ಹೋಗುವ ಕೆಲಸ ಉಂಟು, ಕೇಳಿಕೊಂಡು ಬರುತ್ತೇನೆ" ಎಂದೆ.

ಬ್ರಹ್ಮಾವರಕ್ಕೆ ಹೋಗುವ ಬೇರೆ ಕೆಲಸವೇನೂ ನನಗಿರಲಿಲ್ಲ. ಅದೊಂದು ಸಣ್ಣ ಸುಳ್ಳು. ಆದರೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.